ಗಣಿತ ಓದಿದ ಹುಡುಗನಿಗೆ ನಾಟಕದ ಹುಚ್ಚು ಹಿಡಿದದ್ದು

ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಹತ್ತಿರ ಪ್ರತಿ ವರ್ಷ ಒಂದೇ ಪ್ರಶ್ನೆ ಬರುತ್ತದೆ. ಐದನೇ ಸೆಮಿಸ್ಟರ್ ಶುರುವಾಗಿ ವಾರ ಕಳೆದಿರುವುದಿಲ್ಲ, ಸ್ಟಾಫ್ ರೂಮಿನ ಬಾಗಿಲಲ್ಲಿ ಯಾರಾದರೂ ನಿಂತಿರುತ್ತಾರೆ. "ಮೇಡಂ, ಎಲ್ಲರೂ ನಿನ್ನ ಪ್ಯಾಶನ್ ಏನು ಅಂತ ಕೇಳ್ತಾರೆ. ನನಗೆ ಅಂಥದ್ದು ಏನೂ ಇಲ್ಲ ಅನ್ನಿಸ್ತದೆ. ಅದನ್ನ ಹುಡುಕೋದು ಹೇಗೆ?" ಹೀಗೆ ಕೇಳುವಾಗ ಅವರ ಮುಖದಲ್ಲಿ ಒಂದು ನಾಚಿಕೆ ಇರುತ್ತದೆ, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. ಅದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಇಪ್ಪತ್ತು ವರ್ಷದ ಮಕ್ಕಳು ಒಲವು ಸಿಕ್ಕಿಲ್ಲ ಅಂತ ತಲೆ ತಗ್ಗಿಸಬೇಕಾದ ಕಾಲ ಯಾಕೆ ಬಂತು?

ಇಂಥವರನ್ನು ಕೂರಿಸಿಕೊಂಡು ನಾನು ಸಾಮಾನ್ಯವಾಗಿ ಒಬ್ಬ ಹುಡುಗನ ಕತೆ ಹೇಳುತ್ತೇನೆ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿದವನು. ಕವಿಯಾಗಬೇಕು, ಅದೂ ಇಂಗ್ಲಿಷಿನಲ್ಲಿ, ಅನ್ನುವ ಆಸೆ ಇಟ್ಟುಕೊಂಡವನು. ಇಂಗ್ಲೆಂಡಿಗೆ ಹೋಗುವುದೇ ಗುರಿ ಅಂತ ನಂಬಿದ್ದವನು. ಕೊನೆಗೆ ಆದದ್ದು ಕನ್ನಡದ ನಾಟಕಕಾರ. ಗಿರೀಶ ಕಾರ್ನಾಡರ ಹೆಸರು ಗೊತ್ತಿಲ್ಲದ ಕನ್ನಡಿಗರು ಕಡಿಮೆ. 1998ರ ಜ್ಞಾನಪೀಠ, ಸಿನಿಮಾ, ನಾಟಕ ಎಲ್ಲ ಗೊತ್ತು. ಆದರೆ ನನಗೆ ಬೇಕಾದದ್ದು ಆ ದೊಡ್ಡ ಕಾರ್ನಾಡರಲ್ಲ. ತನಗೆ ಏನು ಬೇಕು ಅಂತ ಸ್ಪಷ್ಟವಾಗಿ ಗೊತ್ತಿದೆ ಅಂದುಕೊಂಡು, ಆ ಲೆಕ್ಕ ಪೂರ್ತಿ ತಪ್ಪಿದ ಇಪ್ಪತ್ತೆರಡರ ಹುಡುಗ. ಹಾಗಾಗಿ ಇಲ್ಲಿ ಅವರನ್ನು ಗಿರೀಶ ಅಂತಲೇ ಕರೆಯುತ್ತೇನೆ. ಆ ವಯಸ್ಸಿನಲ್ಲಿ ಅವರು ನಮ್ಮ ಕ್ಲಾಸಿನ ಹುಡುಗರ ಹಾಗೇ ಇದ್ದರು.

ಸಿರ್ಸಿಯ ಎರಡು ದೀಪ

ಗಿರೀಶ ಹುಟ್ಟಿದ್ದು 1938ರ ಮೇ 19ರಂದು, ಮಹಾರಾಷ್ಟ್ರದ ಮಾಥೇರಾನಿನಲ್ಲಿ. ಮನೆಮಾತು ಕೊಂಕಣಿ. ತಂದೆ ಸರ್ಕಾರಿ ಡಾಕ್ಟರು. ಬಾಲ್ಯ ಕಳೆದದ್ದು ಸಿರ್ಸಿಯಲ್ಲಿ. ಹದಿನಾಲ್ಕನೇ ವಯಸ್ಸಿಗೆ ಕುಟುಂಬ ಧಾರವಾಡಕ್ಕೆ ಬಂತು.

ಸಿರ್ಸಿಯಲ್ಲಿ ಆಗ ಎರಡು ಬಗೆಯ ನಾಟಕ ನೋಡಲು ಸಿಗುತ್ತಿತ್ತು. ಒಂದು ಊರೂರು ತಿರುಗುವ ನಾಟಕ ಕಂಪನಿ. ತಾತ್ಕಾಲಿಕ ಥಿಯೇಟರು, ಚೌಕಟ್ಟಿನ ರಂಗಸ್ಥಳ, ಬಣ್ಣದ ಪರದೆ, ಪೆಟ್ರೋಮ್ಯಾಕ್ಸ್ ಬೆಳಕು. ಇದಕ್ಕೆ ಅಪ್ಪ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುತ್ತಿದ್ದರು. ಇನ್ನೊಂದು ಯಕ್ಷಗಾನ. ಸುಗ್ಗಿ ಮುಗಿದ ಮೇಲೆ, ಬಯಲಿನಲ್ಲಿ, ಪಂಜಿನ ಬೆಳಕಿನಲ್ಲಿ. ಇದಕ್ಕೆ ಹುಡುಗ ಹೋಗುತ್ತಿದ್ದದ್ದು ಮನೆಯ ಆಳುಗಳ ಜೊತೆ. ರಾತ್ರಿಯಿಡೀ ಕೂತು ನೋಡುತ್ತಿದ್ದ.

ಈ ವಿವರ ಸಣ್ಣದು ಅನ್ನಿಸಬಹುದು. ಆದರೆ ನೋಡಿ, ಒಂದು ನಾಟಕಕ್ಕೆ ಅಪ್ಪನ ಜೊತೆ, ಇನ್ನೊಂದಕ್ಕೆ ಆಳುಗಳ ಜೊತೆ. ಯಾವುದು ಮೇಲು, ಯಾವುದು ಕೆಳಗು ಅಂತ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಾರ ಜೊತೆ ಹೋಗುತ್ತೇವೆ ಅನ್ನುವುದರಲ್ಲೇ ಅದು ತಿಳಿದುಬಿಡುತ್ತದೆ. ಹುಡುಗನಿಗೆ ಹತ್ತು ಹನ್ನೆರಡು ದಾಟುವ ಹೊತ್ತಿಗೆ ಕಾಲ ಬದಲಾಯಿತು. ಕರೆಂಟು ಬಂತು, ಸಿನಿಮಾ ಬಂತು. ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಪೆಟ್ರೋಮ್ಯಾಕ್ಸು, ಪಂಜು ಎರಡೂ ಹಳೇ ಕಾಲದ ಸಂಗತಿ ಅನ್ನಿಸತೊಡಗಿದವು. ಕಾಲೇಜಿಗೆ ಹೋಗುವ ಹೊತ್ತಿಗೆ ಗಿರೀಶ ಅವೆರಡನ್ನೂ ಬಿಟ್ಟು ಬಹಳ ದೂರ ಬಂದಿದ್ದೇನೆ ಅಂದುಕೊಂಡಿದ್ದ.

ಅಂಕಕ್ಕಾಗಿ ಗಣಿತ

ಕಾಲೇಜಿನಲ್ಲಿ ಗಣಿತ ತಗೊಂಡದ್ದು ಅದರ ಮೇಲಿನ ಪ್ರೀತಿಯಿಂದಲ್ಲ. ಗಣಿತದಲ್ಲಿ ಅಂಕ ಚೆನ್ನಾಗಿ ಬರುತ್ತದೆ. ಅಂಕ ಬಂದರೆ ವಿದ್ಯಾರ್ಥಿವೇತನ. ಅದು ಸಿಕ್ಕರೆ ವಿದೇಶ. ವಿದೇಶಕ್ಕೆ ಹೋದರೆ ಇಂಗ್ಲಿಷ್ ಕವಿಯಾಗಬಹುದು. ಹೀಗೆ ಒಂದರ ಮೇಲೊಂದು ಜೋಡಿಸಿದ ಲೆಕ್ಕ ಅದು. 1958ರಲ್ಲಿ ಪದವಿ ಮುಗಿಯಿತು.

ನಮ್ಮ ಈಗಿನ ಮಾತಿನಲ್ಲಿ ಹೇಳುವುದಾದರೆ ಇದು ತಪ್ಪು ದಾರಿ, ಅಲ್ವಾ? ಮನಸ್ಸಿಗೆ ಹಿಡಿಸಿದ್ದನ್ನು ಓದು, ಅಂಕದ ಹಿಂದೆ ಬೀಳಬೇಡ ಅಂತ ವೇದಿಕೆ ಮೇಲಿಂದ ನಾವೆಲ್ಲ ಹೇಳುತ್ತೇವೆ. ನಾನೂ ಹೇಳಿದ್ದೇನೆ. ಆದರೆ ಈ ಪ್ರಕರಣ ನೋಡಿದ ಮೇಲೆ ನನ್ನ ಮಾತನ್ನು ತಿದ್ದಿಕೊಂಡಿದ್ದೇನೆ. ಗಣಿತ ಗಿರೀಶನನ್ನು ಎಲ್ಲಿಗೂ ಕಟ್ಟಿಹಾಕಲಿಲ್ಲ. ಅದು ಅವನನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ದಾಟಿಸಿತು. ಮುಂದೆ ದೊಡ್ಡವರಾದ ಮೇಲೆ, ನಾಟಕವನ್ನು ಹೇಗೆ ಕಟ್ಟಬೇಕು ಅನ್ನುವುದಕ್ಕೆ ಗಣಿತದ ಅಭ್ಯಾಸ ನೆರವಾಯಿತು ಅಂತಲೂ ಅವರು ಹೇಳಿಕೊಂಡಿದ್ದಾರೆ. ಒಂದು ಮಾತು ಜಾಸ್ತಿ ಇಲ್ಲ, ಒಂದು ಪಾತ್ರ ಸುಮ್ನೆ ಬಂದುಹೋಗುವುದಿಲ್ಲ. ಅವರ ನಾಟಕ ಓದಿದವರಿಗೆ ಇದು ಗೊತ್ತು.

ಆ ಕಾಲದ ಧಾರವಾಡದ ಬಗ್ಗೆಯೂ ಒಂದು ಮಾತು ಹೇಳಬೇಕು. ಸಾಧನಕೇರಿಯಲ್ಲಿ ಬೇಂದ್ರೆ ಇದ್ದರು. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆ ಇತ್ತು. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಪ್ರಕಾಶನ ಅದು. ಅದರ ಕಚೇರಿ ಮಹಡಿಯ ಮೇಲಿತ್ತು. ಎಲ್ಲರೂ ಅದನ್ನು 'ಅಟ್ಟ' ಅಂತಲೇ ಕರೆಯುತ್ತಿದ್ದರು. ಅಲ್ಲಿ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಂಥವರು ಕೂತು ಮಾತಾಡುತ್ತಿದ್ದರು. ಧಾರವಾಡದ ಹುಡುಗರಿಗೆ ಸಾಹಿತಿ ಅಂದರೆ ಪಠ್ಯಪುಸ್ತಕದ ಚಿತ್ರವಾಗಿರಲಿಲ್ಲ, ರಸ್ತೆಯಲ್ಲಿ ಎದುರಿಗೆ ಬರುವ ಮನುಷ್ಯ. ಇದು ಎಷ್ಟು ದೊಡ್ಡ ಸಂಗತಿ ಅಂತ ನಾವು ಮರೆತುಬಿಡುತ್ತೇವೆ. ಒಂದು ಕೆಲಸವನ್ನು ಜೀವಮಾನವಿಡೀ ಮಾಡುವವರನ್ನು ಕಣ್ಣಾರೆ ನೋಡದೆ ಆ ಕೆಲಸ ಬೇಕು ಅಂತ ಯಾರಿಗಾದರೂ ಹೇಗೆ ಅನ್ನಿಸೀತು?

ಹದಿನೇಳರ ಹುಡುಗನಿಗೆ ಬಂದ ಕಾಗದ

ಗಿರೀಶನಿಗೆ ಚಿತ್ರ ಬರೆಯುವ ಅಭ್ಯಾಸವಿತ್ತು. ಪ್ರಸಿದ್ಧರ ಮುಖ ಬರೆದು, ಅವರಿಗೇ ಕಳಿಸಿ, ಸಹಿ ಹಾಕಿ ವಾಪಸ್ ಕಳಿಸಿ ಅಂತ ಕೇಳುತ್ತಿದ್ದ. ಹದಿನೇಳನೇ ವಯಸ್ಸಿನಲ್ಲಿ ಐರಿಷ್ ನಾಟಕಕಾರ ಶಾನ್ ಓಕೇಸಿಯ ಚಿತ್ರ ಬರೆದು ಹೀಗೇ ಕಳಿಸಿದ. ಓಕೇಸಿಯಿಂದ ಉತ್ತರ ಬಂತು. ಆದರೆ ಅದು ಹೊಗಳಿಕೆಯ ಕಾಗದವಾಗಿರಲಿಲ್ಲ. ಇದರಲ್ಲೆಲ್ಲ ಯಾಕೆ ಹೊತ್ತು ಕಳೆಯುತ್ತೀಯ, ಮುಂದೊಂದು ದಿನ ಜನ ನಿನ್ನ ಸಹಿ ಕೇಳುವಂಥದ್ದೇನಾದರೂ ಮಾಡು ಅನ್ನುವ ಅರ್ಥದ ಮಾತು ಅದರಲ್ಲಿತ್ತು.

ಈ ಪ್ರಸಂಗವನ್ನು ಕ್ಲಾಸಿನಲ್ಲಿ ಹೇಳಿದಾಗ ಹುಡುಗರು ಖುಷಿಯಾಗುತ್ತಾರೆ. ಸಿನಿಮಾದ ದೃಶ್ಯದ ಹಾಗಿದೆ ಅಂತ. ನಾನು ಅವರನ್ನು ಅಲ್ಲೇ ನಿಲ್ಲಿಸಿ ಕೇಳುತ್ತೇನೆ: ಆ ಕಾಗದ ಓದಿ ಅವನು ನಾಟಕಕಾರ ಆದನಾ? ಇಲ್ಲ. ಕಾಗದ ಬಂದದ್ದು ಹದಿನೇಳರಲ್ಲಿ. ಮೊದಲ ನಾಟಕಕ್ಕೆ ಕೈ ಹಾಕಿದ್ದು ಅದಾಗಿ ಸುಮಾರು ಐದು ವರ್ಷಕ್ಕೆ. ನಡುವೆ ಗಣಿತ, ಇಂಗ್ಲಿಷ್ ಕವಿತೆ, ಪರೀಕ್ಷೆ. ಪ್ರೇರಣೆ ಅಂದರೆ ಬೆಂಕಿಕಡ್ಡಿ ಗೀರಿದ ಹಾಗೆ ಅಂತ ನಾವು ಅಂದುಕೊಳ್ಳುತ್ತೇವೆ. ನಾನು ನೋಡಿದ ಮಟ್ಟಿಗೆ ಅದು ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹಾಕಿದ ಕೂಡಲೇ ಏನೂ ಕಾಣುವುದಿಲ್ಲ. ಮತ್ತೆ ಮತ್ತೆ ಮುಚ್ಚಳ ತೆಗೆದು ಅಲ್ಲಾಡಿಸಿ ನೋಡಿದರೆ ಮೊಸರಾಗುವುದೂ ಇಲ್ಲ.

ಇನ್ನೊಂದು ವಿಷಯ. ಆ ಕಾಗದ ಅವನನ್ನು ಒಂದರಿಂದ ಬಿಡಿಸಿತು. ದೊಡ್ಡವರ ಸಹಿ ಕೂಡಿಹಾಕುವ ಹವ್ಯಾಸದಿಂದ. ಪ್ರತಿಭೆ ಇರುವ ಮಕ್ಕಳು ಎಷ್ಟೋ ಸಲ ದೊಡ್ಡವರ ಅಭಿಮಾನಿಯಾಗಿಯೇ ಉಳಿದುಬಿಡುತ್ತಾರೆ. ಅಲ್ಲಿಂದ ಯಾರಾದರೂ ಸ್ವಲ್ಪ ಒರಟಾಗಿಯಾದರೂ ಎಬ್ಬಿಸಬೇಕಾಗುತ್ತದೆ.

ಮುಂಬೈಯ ಒಂದು ಸಂಜೆ

ಪದವಿಯಾದ ಮೇಲೆ ಸ್ನಾತಕೋತ್ತರ ಓದಿಗೆ ಗಿರೀಶ ಮುಂಬೈಗೆ ಹೋದ. ಹೋದ ಹೊಸದರಲ್ಲೇ ಒಂದು ನಾಟಕ ನೋಡಿದ. ಸ್ವೀಡನ್ನಿನ ಸ್ಟ್ರಿಂಡ್‌ಬರ್ಗ್ ಬರೆದ 'ಮಿಸ್ ಜೂಲಿ'. ನಿರ್ದೇಶಿಸಿದ್ದು ಎಬ್ರಾಹಿಂ ಅಲ್ಕಾಜಿ.

ಮರುದಿನದ ಪತ್ರಿಕೆಗಳು ಆ ಪ್ರಯೋಗವನ್ನು ಚೆನ್ನಾಗಿ ಜಾಡಿಸಿದವಂತೆ. ಅಲ್ಕಾಜಿಯವರ ಒಳ್ಳೆಯ ಕೆಲಸಗಳಲ್ಲಿ ಅದು ಒಂದಲ್ಲ ಅಂತ ಜನ ಮುಂದೆ ಕಾರ್ನಾಡರಿಗೆ ಹೇಳಿದ್ದೂ ಉಂಟು. ಆದರೆ ಧಾರವಾಡದಿಂದ ಬಂದ ಆ ಹುಡುಗ ಥಿಯೇಟರಿನಿಂದ ಹೊರಗೆ ಬಂದಾಗ ಒಳಗೆಲ್ಲ ಕಲಕಿಹೋಗಿದ್ದ. ಮನುಷ್ಯನ ಒಳಗಿನ ಹೊಲಸು, ಆಸೆ, ಕ್ರೌರ್ಯ ಎಲ್ಲವನ್ನೂ ಹೀಗೆ ನಾಲ್ಕು ಜನರ ಮುಂದೆ ಬಿಚ್ಚಿಡಬಹುದು ಅಂತ ಅವನು ಅಂದುಕೊಂಡಿರಲಿಲ್ಲ. ಬೆಳೆದು ಬಂದ ರೀತಿಯಲ್ಲಿ ಅದು ಅಸಭ್ಯ ಅನ್ನಿಸಬೇಕಾದ ವಿಷಯ.

ಇದರಷ್ಟೇ ಅವನನ್ನು ಬೆರಗಾಗಿಸಿದ್ದು ಇನ್ನೊಂದು. ಬೆಳಕು. ಅವನು ಬೆಳೆದದ್ದು ಕಂದೀಲಿನ ಮನೆಗಳಲ್ಲಿ. ಆಮೇಲೆ ಕರೆಂಟು ಬಂದರೂ ದೀಪ ಅಂದರೆ ಸ್ವಿಚ್ ಒತ್ತಿದರೆ ಹತ್ತುವುದು, ಒತ್ತಿದರೆ ಆರುವುದು. ಅಷ್ಟೇ. ಇಲ್ಲಿ ರಂಗದ ಮೇಲೆ ಬೆಳಕು ಮೆಲ್ಲಗೆ ಏರುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು. ಅದಕ್ಕೆ ಡಿಮ್ಮರ್ ಅನ್ನುವ ಒಂದು ಉಪಕರಣ ಇದೆ ಅಂತ ಗೊತ್ತಾದದ್ದು ಅವನಿಗೆ ಹೊಸ ಲೋಕ ತೆರೆದ ಹಾಗಾಯಿತು.

ನನಗೆ ಈ ಡಿಮ್ಮರಿನ ವಿಷಯ ಬಹಳ ಇಷ್ಟ. ಒಲವು ಅಂದರೆ ಏನೋ ದೊಡ್ಡ ಆದರ್ಶ, ದೊಡ್ಡ ಮಾತು ಅಂತ ಹುಡುಗರು ಹೆದರುತ್ತಾರೆ. ಇಲ್ಲಿ ಅದು ಬಂದದ್ದು ದೀಪದ ಬೆಳಕು ಕಡಿಮೆ ಜಾಸ್ತಿ ಮಾಡುವ ಒಂದು ಗುಂಡಿಯಿಂದ. ಆದರೆ ಯಾರಿಗೆ ಬಂತು ಅನ್ನುವುದನ್ನು ಗಮನಿಸಬೇಕು. ಹುಟ್ಟಿನಿಂದ ಮುಂಬೈಯಲ್ಲೇ ಇದ್ದವರಿಗೆ ಆ ಡಿಮ್ಮರು ಕಣ್ಣಿಗೇ ಬಿದ್ದಿರಲಿಕ್ಕಿಲ್ಲ. ಪೆಟ್ರೋಮ್ಯಾಕ್ಸಿನ ಬೆಳಕಲ್ಲಿ ರಾಜ ರಾಣಿಯರನ್ನು, ಪಂಜಿನ ಬೆಳಕಲ್ಲಿ ರಾಕ್ಷಸರನ್ನು ನೋಡಿ ಬೆಳೆದ ಕಣ್ಣಿಗೆ ಮಾತ್ರ ಅದು ಅಷ್ಟು ದೊಡ್ಡದಾಗಿ ಕಂಡಿತು. ಸಿರ್ಸಿಯನ್ನು ಹಿಂದೆ ಬಿಟ್ಟು ಬಂದೆ ಅಂದುಕೊಂಡವನಿಗೆ ಮುಂಬೈ ಬೆರಗು ಹುಟ್ಟಿಸಿದ್ದೇ ಸಿರ್ಸಿ ಇನ್ನೂ ಕಣ್ಣಲ್ಲಿದ್ದದ್ದರಿಂದ.

ಆಗಲೂ ಅವನು ನಾಟಕ ಬರೆಯಬೇಕು ಅಂದುಕೊಳ್ಳಲಿಲ್ಲ. ಕವಿಯಾಗುವ ಆಸೆ ಹಾಗೇ ಇತ್ತು.

ಹೊರಡುವ ಮುಂಚಿನ ದಿನಗಳು

ಲೆಕ್ಕ ಸರಿಯಾಗಿ ಫಲಿಸಿತು. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿತು. ಆಗ ಇಡೀ ದೇಶದಲ್ಲಿ ಬೆರಳೆಣಿಕೆಯ ಮಂದಿಗೆ ಸಿಗುತ್ತಿದ್ದ ಅವಕಾಶ ಅದು. 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಡಬೇಕು. ಇಡೀ ಮನೆತನದಲ್ಲಿ ವಿದೇಶಕ್ಕೆ ಹೊರಟ ಮೊದಲನೆಯವನು ಅವನೇ.

ಮನೆಯಲ್ಲಿ ಖುಷಿಗಿಂತ ದಿಗಿಲು ಜಾಸ್ತಿಯಾಯಿತು. ಮಗ ಅಲ್ಲೇ ಉಳಿದುಬಿಟ್ಟರೆ? ಇದು ತಂದೆತಾಯಿಯ ಚಿಂತೆ. ಹುಡುಗನ ಚಿಂತೆ ಬೇರೆ. ಓದು ಮುಗಿದ ಮೇಲೆ ಮನೆಯವರಿಗಾಗಿ, ಊರಿಗಾಗಿ ವಾಪಸ್ ಬರಬೇಕಾ? ಬಂದರೆ ಇಲ್ಲಿ ಉಸಿರು ಕಟ್ಟಿದ ಹಾಗಾಗಿ, ಕಲಿತದ್ದೆಲ್ಲ ವ್ಯರ್ಥವಾದರೆ? ಅಥವಾ ಇದನ್ನೆಲ್ಲ ಕೊಡವಿಕೊಂಡು ಲೋಕ ಕರೆದ ಕಡೆ ಹೋಗಿಬಿಡಬೇಕಾ? ಉತ್ತರ ಆಗಲೇ ಕೊಡಬೇಕಾಗಿರಲಿಲ್ಲ. ಆದರೆ ಹಡಗು ಹತ್ತುವುದೇ ಅರ್ಧ ಉತ್ತರ ಕೊಟ್ಟ ಹಾಗೆ.

ಈ ತಳಮಳದ ನಡುವೆ ಒಂದು ವಿಚಿತ್ರ ನಡೆಯಿತು. ಇಂಗ್ಲಿಷಿನಲ್ಲಿ ಕವಿತೆ ಬರೆಯಲು ವರ್ಷಗಟ್ಟಲೆ ತಯಾರಿ ಮಾಡಿಕೊಂಡವನು ನಾಟಕ ಬರೆಯತೊಡಗಿದ. ಅದೂ ಕನ್ನಡದಲ್ಲಿ. ಅದೂ ಪುರಾಣದ ಕತೆ ಇಟ್ಟುಕೊಂಡು. ತನಗೂ ಇವಕ್ಕೂ ಸಂಬಂಧ ಹರಿದುಹೋಗಿದೆ ಅಂತ ಅವನು ನಂಬಿದ್ದ ಸಂಗತಿಗಳೇ ಇವು. ಮಾತುಗಳು ಕಿವಿಯಲ್ಲಿ ಕೇಳಿಸುತ್ತಿದ್ದವು, ತಾನು ಬರೆದುಕೊಳ್ಳುವವನಷ್ಟೇ ಆಗಿದ್ದೆ ಅಂತ ಕಾರ್ನಾಡರು ಮುಂದೆ ನೆನಪಿಸಿಕೊಂಡಿದ್ದಾರೆ.

ಕತೆ ಯಯಾತಿಯದು. ನಮಗೆಲ್ಲ ಗೊತ್ತಿರುವುದೇ. ಯಯಾತಿ ರಾಜ. ಹೆಂಡತಿ ದೇವಯಾನಿ. ಶರ್ಮಿಷ್ಠೆಯ ಸಂಬಂಧ ಬಯಲಾದಾಗ ಮಾವ ಶುಕ್ರಾಚಾರ್ಯ ಶಾಪ ಕೊಡುತ್ತಾನೆ. ನಡುವಯಸ್ಸಿಗೇ ಮುಪ್ಪು. ಬೇರೆ ಯಾರಾದರೂ ಈ ಮುಪ್ಪನ್ನು ತಗೊಂಡು ತಮ್ಮ ಹರೆಯ ಕೊಟ್ಟರೆ ಬಿಡುಗಡೆ. ಯಾರೂ ಒಪ್ಪುವುದಿಲ್ಲ. ಕೊನೆಗೆ ಮಗ ಪುರು ಒಪ್ಪುತ್ತಾನೆ. ಮಹಾಭಾರತದಲ್ಲಿ ಪುರು ಆದರ್ಶ ಮಗ. ಗಿರೀಶ ಇಲ್ಲೊಂದು ಪಾತ್ರ ಸೇರಿಸಿದ. ಪುರುವಿನ ಹೆಂಡತಿ ಚಿತ್ರಲೇಖೆ. ಅಪ್ಪನಿಗಾಗಿ ಮಗ ಮುದುಕನಾದದ್ದು ಸರಿ, ಆದರೆ ಈ ಹೆಣ್ಣಿನ ಗತಿ ಏನು? ಅವಳು ಮಾವನ ಎದುರಿಗೇ ನಿಂತು ಕೇಳುತ್ತಾಳೆ. ಉತ್ತರ ಸಿಗದೆ ಜೀವ ಬಿಡುತ್ತಾಳೆ. ಆಗ ಯಯಾತಿ ತನ್ನ ಮುಪ್ಪನ್ನು ವಾಪಸ್ ತಗೊಳ್ಳುತ್ತಾನೆ.

ಹಿರಿಯರ ನೆಮ್ಮದಿಗಾಗಿ ಕಿರಿಯನು ತನ್ನ ಹರೆಯ ಕೊಡಬೇಕು ಅನ್ನುವ ಕತೆಯನ್ನು, ಮನೆಯವರಿಗಾಗಿ ವಾಪಸ್ ಬರಬೇಕಾ ಬೇಡವಾ ಅಂತ ಒದ್ದಾಡುತ್ತಿದ್ದ ಹುಡುಗ ಆರಿಸಿಕೊಂಡಿದ್ದಾನೆ. ಬರೆಯುವಾಗ ಅವನಿಗೆ ಈ ಸಂಬಂಧ ಹೊಳೆದಿರಲಿಲ್ಲ. ಒತ್ತಡದಿಂದ ತಪ್ಪಿಸಿಕೊಳ್ಳಲು ಬರೆಯುತ್ತಿದ್ದೇನೆ ಅಂದುಕೊಂಡಿದ್ದ. ವರ್ಷಗಳ ನಂತರ ಹಿಂದಿರುಗಿ ನೋಡಿದಾಗಲೇ ಆ ಕತೆ ತನ್ನ ಆಗಿನ ಸಿಟ್ಟು, ಭಯಗಳನ್ನು ಎಷ್ಟು ಸರಿಯಾಗಿ ಹೇಳಿತ್ತು ಅಂತ ಅವರಿಗೇ ಆಶ್ಚರ್ಯವಾದದ್ದು.

ಆ ನಾಟಕದ ಆಕಾರ ಮಾತ್ರ ಸಿರ್ಸಿಯದಲ್ಲ. ಕಾಲೇಜಿನ ದಿನಗಳಲ್ಲಿ ಪುಸ್ತಕದಲ್ಲಷ್ಟೇ ಓದಿದ್ದ ಫ್ರೆಂಚ್ ನಾಟಕಕಾರರು ಅನುಯಿ, ಸಾರ್ತ್ರ್, ಮತ್ತೆ ಗ್ರೀಕರು, ಇವರಿಂದ ಕಲಿತದ್ದು. ಕತೆ ಅಜ್ಜಿಯ ಕಾಲದ್ದು, ಕಟ್ಟುವ ರೀತಿ ಲೈಬ್ರರಿಯದು.

ಇಂಗ್ಲೆಂಡಿಗೆ ಹಡಗಿನಲ್ಲಿ ಮೂರು ವಾರ. ಆ ಮೂರು ವಾರವೂ ಬರೆದ. ಆಕ್ಸ್‌ಫರ್ಡಿನ ಒಂಟಿ ಕೋಣೆಯಲ್ಲೂ ತಿದ್ದಿದ. ಅದನ್ನು ನೆನೆದರೆ ನನಗೆ ಒಂಥರಾ ಆಗುತ್ತದೆ. ಹಡಗು ದಿನದಿನಕ್ಕೂ ದೂರ ಹೋಗುತ್ತಿದೆ. ಅದರೊಳಗೆ ಕೂತವನು ಕನ್ನಡದಲ್ಲಿ ಬರೆಯುತ್ತಿದ್ದಾನೆ.

ಅಟ್ಟ ಮಾಡಿದ ಕೆಲಸ

ಹಸ್ತಪ್ರತಿ ಧಾರವಾಡದ ಅಟ್ಟಕ್ಕೆ ತಲುಪಿತು. 1961ರಲ್ಲಿ ಮನೋಹರ ಗ್ರಂಥಮಾಲೆ 'ಯಯಾತಿ'ಯನ್ನು ಪುಸ್ತಕ ಮಾಡಿತು. ಬರೆದವನ ವಯಸ್ಸು 23. ಹೆಸರಿಲ್ಲ, ಹಿಂದೆ ಪುಸ್ತಕವಿಲ್ಲ, ಆಸಾಮಿ ಊರಲ್ಲೇ ಇಲ್ಲ. ಆದರೂ ಜೋಶಿಯವರು ಅಚ್ಚು ಹಾಕಿದರು.

ಈ ಪ್ರಕರಣದಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಘಟ್ಟ ಇದು. ಎಲ್ಲರೂ ಬರೆದವನ ಪ್ರತಿಭೆಯ ಬಗ್ಗೆ ಮಾತಾಡುತ್ತಾರೆ. ತಗೊಂಡವರ ಬಗ್ಗೆ ಮಾತಾಡುವುದು ಕಡಿಮೆ. ಅಟ್ಟ ಇಲ್ಲದಿದ್ದರೆ ಆ ಹಾಳೆಗಳು ಪೆಟ್ಟಿಗೆಯಲ್ಲಿ ಉಳಿಯುತ್ತಿದ್ದವೇನೋ. ವಿದ್ಯಾರ್ಥಿಯ ಕೈಯಲ್ಲಿ ಏನೋ ಹುಟ್ಟಿದಾಗ ಅದನ್ನು ಗಂಭೀರವಾಗಿ ಓದಿ, ಇದು ಕೆಲಸಕ್ಕೆ ಬರುತ್ತದೆ ಅನ್ನುವ ಒಬ್ಬ ಹಿರಿಯ ಬೇಕು. ಭಾಷಣ ಮಾಡುವವರು ಬಹಳ ಮಂದಿ ಸಿಗುತ್ತಾರೆ. ಹಸ್ತಪ್ರತಿ ಓದುವವರು ಸಿಗುವುದಿಲ್ಲ. ನಮ್ಮ ಕಾಲೇಜುಗಳಲ್ಲಿ ಪ್ರೇರಣೆಯ ಕಾರ್ಯಕ್ರಮಕ್ಕೆ ಶಾಮಿಯಾನ ಹಾಕುತ್ತೇವೆ, ಹುಡುಗಿಯೊಬ್ಬಳು ತಂದುಕೊಟ್ಟ ನಾಲ್ಕು ಪುಟದ ಕತೆ ಮೇಜಿನ ಖಾನೆಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಈ ತಪ್ಪು ನನ್ನಿಂದಲೂ ಆಗಿದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆಕ್ಸ್‌ಫರ್ಡಿನಲ್ಲಿ ಗಿರೀಶ ಹಿಂದೆ ಬೀಳಲಿಲ್ಲ. ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಓದಿದ. ಅಲ್ಲಿನ ಪ್ರಸಿದ್ಧ ಚರ್ಚಾಕೂಟ ಆಕ್ಸ್‌ಫರ್ಡ್ ಯೂನಿಯನ್ನಿಗೆ ಅಧ್ಯಕ್ಷನೂ ಆದ. ಅಂದರೆ ಅಲ್ಲಿ ಸಲ್ಲದವನು ಇಲ್ಲಿಗೆ ವಾಪಸ್ ಬಂದ ಅನ್ನುವ ಹಾಗಿಲ್ಲ. ಅಲ್ಲೂ ಸಲ್ಲುತ್ತಿದ್ದ. ಆದರೆ ಬರಬೇಕಾ ಬೇಡವಾ ಅನ್ನುವ ಪ್ರಶ್ನೆ ಅಷ್ಟು ಹೊತ್ತಿಗೆ ತಾನಾಗಿಯೇ ಸಣ್ಣದಾಗಿತ್ತು. 1963ರಲ್ಲಿ ವಾಪಸ್ ಬಂದು ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಕೆಲಸಕ್ಕೆ ಸೇರಿದ. ಏಳು ವರ್ಷ ಆ ನೌಕರಿ ನಡೆಯಿತು. 1964ರ 'ತುಘಲಕ್' ಬಂದದ್ದು ಆ ಸಂಬಳದ ದಿನಗಳಲ್ಲಿ. ನೌಕರಿ ಬಿಟ್ಟದ್ದು 1970ರಲ್ಲಿ.

ಕೆಲಸ ಬಿಟ್ಟು ಕನಸಿನ ಹಿಂದೆ ಓಡು ಅನ್ನುವ ವಿಡಿಯೋ ನೋಡಿ ಬರುವ ಹುಡುಗರಿಗೆ ನಾನು ಈ ಏಳು ವರ್ಷವನ್ನು ಬೆರಳು ಮಡಿಸಿ ತೋರಿಸುತ್ತೇನೆ.

'ಹುಡುಕುವುದು' ಮತ್ತು 'ಹಿಡಿಯುವುದು'

ಪ್ಯಾಶನ್ ಅನ್ನುವುದಕ್ಕೆ ಕನ್ನಡದಲ್ಲಿ ಒಲವು, ಆಸಕ್ತಿ, ಗೀಳು ಅಂತೆಲ್ಲ ಇದೆ. ಆದರೆ ಜನ ಆಡುವ ಮಾತು 'ಹುಚ್ಚು'. ಅವನಿಗೆ ನಾಟಕದ ಹುಚ್ಚು. ಅವಳಿಗೆ ಓದಿನ ಹುಚ್ಚು. ಈ ಪದದ ಜೊತೆ ಬರುವ ಕ್ರಿಯಾಪದ ನೋಡಿ. ಹುಚ್ಚು ಹಿಡಿಯುತ್ತದೆ. ಯಾರೂ ಹುಚ್ಚನ್ನು ಹುಡುಕಿಕೊಂಡು ಹೋಗುವುದಿಲ್ಲ. ಅದು ಬಂದು ಹಿಡಿಯಬೇಕು. ನಮ್ಮ ಹುಡುಗರನ್ನು ಕಾಡುತ್ತಿರುವ 'ಹುಡುಕೋದು ಹೇಗೆ' ಅನ್ನುವ ಪ್ರಶ್ನೆ ಈ ಪದದ ಎದುರು ನಿಲ್ಲುವುದೇ ಇಲ್ಲ. ಕೇಳಬೇಕಾದದ್ದು, ಅದು ಬಂದು ಹಿಡಿಯುವಂಥ ಜಾಗದಲ್ಲಿ ನಾನು ಇದ್ದೇನಾ ಅನ್ನುವುದು.

ಗಿರೀಶ ಅಂಥ ಜಾಗಗಳಲ್ಲಿದ್ದ. ಚಿಕ್ಕಂದಿನಲ್ಲಿ ಬಯಲಾಟದ ಮುಂದೆ ರಾತ್ರಿಯಿಡೀ ಕೂತ. ಕಾಲೇಜಿನಲ್ಲಿ ಪಠ್ಯಕ್ಕೆ ಸಂಬಂಧವಿಲ್ಲದ ನಾಟಕಗಳನ್ನು ಓದಿದ. ಹೊಸ ಊರಿಗೆ ಹೋದಾಗ ಗುರುತು ಪರಿಚಯವಿಲ್ಲದ ನಾಟಕಕ್ಕೆ ಟಿಕೆಟ್ ತಗೊಂಡ. ಇವುಗಳಲ್ಲಿ ಯಾವುದನ್ನೂ ನಾಟಕಕಾರ ಆಗಬೇಕು ಅಂತ ಮಾಡಲಿಲ್ಲ. ಕೊನೆಗೆ ಒಂದು ನಿಜವಾದ ಕಷ್ಟ ಎದುರಾದಾಗ, ತಾನು ಕಷ್ಟಪಟ್ಟು ಕಲಿತ ಭಾಷೆ, ಆರಿಸಿಕೊಂಡ ಪ್ರಕಾರ ಎರಡೂ ಅವನ ಕೈಬಿಟ್ಟವು. ತನ್ನದಲ್ಲ ಅಂದುಕೊಂಡು ಸಿರ್ಸಿಯಲ್ಲಿ ಬಿಟ್ಟು ಬಂದದ್ದೇ ಕೈಗೆ ಸಿಕ್ಕಿತು.

ಇದಕ್ಕೆ ಇನ್ನೊಂದು ಸಾಕ್ಷಿ ಹತ್ತು ವರ್ಷದ ನಂತರ ಸಿಗುತ್ತದೆ. 1971ರ 'ಹಯವದನ'. ಅದರಲ್ಲಿ ಭಾಗವತ ಇದ್ದಾನೆ. ಮುಖವಾಡ ಇದೆ. ಪಾತ್ರ ಬರುವಾಗ ಹಿಡಿಯುವ ಅರ್ಧ ಪರದೆ ಇದೆ. ಆಳುಗಳ ಜೊತೆ ಕೂತು ನೋಡಿದ ಪಂಜಿನ ಬೆಳಕಿನ ಆಟ ಅದು. ಮೂವತ್ತು ದಾಟಿದ ಮೇಲೆ ತಿರುಗಿ ಬಂತು.

ಈ ಕತೆಯನ್ನು ಎಲ್ಲರಿಗೂ ಹಾಗೇ ಅನ್ವಯಿಸಬಾರದು, ಅದನ್ನೂ ಹೇಳಲೇಬೇಕು. ಗಿರೀಶ ಡಾಕ್ಟರ ಮಗ. ಮನೆಯಲ್ಲಿ ಓದಿನ ವಾತಾವರಣ ಇತ್ತು, ಇಂಗ್ಲಿಷ್ ಇತ್ತು. ರಾತ್ರಿಯಿಡೀ ಬಯಲಾಟ ನೋಡಲು ಹೋಗಬಹುದಿತ್ತು, ಒಬ್ಬನೇ ಮುಂಬೈಗೆ ಹೋಗಬಹುದಿತ್ತು. ಅದೇ ಊರಿನ ಅದೇ ವಯಸ್ಸಿನ ಹುಡುಗಿಗೆ ಇದರಲ್ಲಿ ಎಷ್ಟು ಸಿಗುತ್ತಿತ್ತು? ನನ್ನ ಕ್ಲಾಸಿನಲ್ಲಿ ಕಾಲೇಜು ಬಿಟ್ಟ ಕೂಡಲೇ ನಾಲ್ಕೂವರೆಯ ಬಸ್ಸಿಗೆ ಓಡುವ ಹುಡುಗಿಯರಿದ್ದಾರೆ. ಆ ಬಸ್ಸು ತಪ್ಪಿದರೆ ಮುಂದಿನದು ಏಳಕ್ಕೆ, ಮನೆಯಲ್ಲಿ ಬೈಗುಳ. ಇವರಿಗೆ ಸಂಜೆಯ ನಾಟಕವೂ ಇಲ್ಲ, ಲೈಬ್ರರಿಯೂ ಇಲ್ಲ. ಇವರ ಮುಂದೆ ನಿಂತು ನಿನ್ನ ಪ್ಯಾಶನ್ ಏನು ಅಂತ ಕೇಳುವುದು ಅನ್ಯಾಯ. ಮೊದಲು ಮಧ್ಯಾಹ್ನದಲ್ಲಿ ಎರಡು ಗಂಟೆ ಬಿಡುವು ಮಾಡಿಕೊಡಬೇಕು. ಲೈಬ್ರರಿಯ ಬಾಗಿಲು ಆ ಹೊತ್ತಿಗೆ ತೆರೆದಿರಬೇಕು.

ನಮ್ಮ ಕ್ಲಾಸಿನಲ್ಲಿ

ಈಗ ನಾನು ಪ್ಯಾಶನ್ ಅನ್ನುವ ಪದವನ್ನೇ ಎತ್ತುವುದಿಲ್ಲ. ಒಂದು ಹಾಳೆ ಕೊಟ್ಟು ಎರಡು ಪ್ರಶ್ನೆ ಕೇಳುತ್ತೇನೆ. ಹನ್ನೆರಡು ವರ್ಷದೊಳಗೆ ನೀವು ನಿದ್ದೆ, ಊಟ ಮರೆತು ನೋಡಿದ್ದು ಏನು? ಈಗ ಮನೆಯಲ್ಲಿ ನಿಮ್ಮನ್ನು ಕಾಡುತ್ತಿರುವ ಒಂದು ಪ್ರಶ್ನೆ ಯಾವುದು? ಹೆಸರು ಬರೆಯಬೇಕಾಗಿಲ್ಲ ಅಂತಲೂ ಹೇಳುತ್ತೇನೆ.

ಮೊದಲು ಹಾಳೆಗಳು ಖಾಲಿ ಬರುತ್ತಿದ್ದವು. ಇದೆಲ್ಲ ಬರೆಯುವಂಥ ವಿಷಯವಾ ಅಂತ ಅವರಿಗೆ ಅನುಮಾನ. ನಿಧಾನಕ್ಕೆ ಬರೆಯತೊಡಗಿದರು. ಅಪ್ಪ ಬೋರ್‌ವೆಲ್ ಮೋಟರ್ ಬಿಚ್ಚುವುದನ್ನು ನೋಡುತ್ತಿದ್ದೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ಮುದುಕ. ಜಾತ್ರೆಯ ಡೊಳ್ಳು. ಹೆರಿಗೆಗೆ ಕರೆದರೆ ಹೋಗುತ್ತಿದ್ದ ನಮ್ಮ ಓಣ್ಯಾಗಿನ ಆಯಿ.

ಬಿ.ಕಾಂ. ಓದುತ್ತಿದ್ದ ಒಬ್ಬ ಹುಡುಗಿ ಬರೆದದ್ದು ಅಜ್ಜಿ ಕೌದಿ ಹೊಲಿಯುವುದನ್ನು. ಹಳೇ ಸೀರೆಯ ತುಂಡುಗಳನ್ನು ನೆಲದ ಮೇಲೆ ಹರಡಿ, ಯಾವುದರ ಪಕ್ಕ ಯಾವುದು ಅಂತ ಅಜ್ಜಿ ಒಂದು ದಿನವಿಡೀ ಸುಮ್ಮನೆ ನೋಡುತ್ತಾ ಕೂರುತ್ತಿದ್ದಳಂತೆ. ದಾರ ಹಾಕುವುದು ಆಮೇಲೆ. ಎರಡನೇ ಪ್ರಶ್ನೆಗೆ ಅವಳು ಬರೆದದ್ದು ಒಂದೇ ಸಾಲು: ಅಜ್ಜಿಗೆ ಈಗ ಕಣ್ಣು ಕಾಣುವುದಿಲ್ಲ, ಅರ್ಧ ಆದ ಕೌದಿ ಹಾಗೇ ಇದೆ.

ಆ ಹಾಳೆಯನ್ನು ಮೇಜಿನ ಖಾನೆಗೆ ಹಾಕಲಿಲ್ಲ. ಮರುದಿನ, ಇದು ಯಾರ ಮನೆಯ ಕೌದಿಯೋ ಅವರು ಅದನ್ನು ತಂದು ತೋರಿಸಬಹುದಾ ಅಂತ ಕ್ಲಾಸಿನಲ್ಲಿ ಕೇಳಿದೆ. ವಾರ ಕಳೆದ ಮೇಲೆ ಅವಳು ಅದನ್ನು ಸಿಮೆಂಟ್ ಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದಳು. ನಾಲ್ಕು ಬೆಂಚು ಜೋಡಿಸಿ ಅದರ ಮೇಲೆ ಹರಡಿದೆವು. ಅರ್ಧಕ್ಕೆ ನಿಂತ ಅಂಚಿನಲ್ಲಿ ಸೂಜಿ ಇನ್ನೂ ಚುಚ್ಚಿಕೊಂಡೇ ಇತ್ತು, ತುಕ್ಕು ಹಿಡಿದಿತ್ತು. ಅದರ ಪಕ್ಕದಲ್ಲಿ ಬೇರೆ ಬಣ್ಣದ ದಾರದಲ್ಲಿ ನಾಲ್ಕಾರು ಹೊಸ ಹೊಲಿಗೆ ಕಂಡವು. ಸ್ವಲ್ಪ ಸೊಟ್ಟಗಿದ್ದವು. ಇದು ಯಾರು ಹಾಕಿದ್ದು ಅಂತ ಕೇಳಿದೆ.

"ನಾನೇ ರೀ ಮೇಡಂ, ಮೊನ್ನೆ ಆದಿತ್ಯವಾರ," ಅಂದಳು. ಬಸ್ಸಿನ ಹೊತ್ತಾಗುವ ತನಕ ಆ ಕೌದಿಯ ಹತ್ತಿರವೇ ನಿಂತಿದ್ದಳು.